ಮೌನದ ಮೇಷ್ಟ್ರಿಗೆ ಬಾಕಿ ಇರುವ ಕತ್ತರಿಯ ಸದ್ದು

ಚಳಿ ಹಿಂದೆ ಸರಿದಿತ್ತು, ಬಿಸಿಲಿಗೆ ಇನ್ನೂ ಖಾರ ಬಂದಿರಲಿಲ್ಲ. ಹಳ್ಳಿಯಂಚಿನ ಕುರಿದೊಡ್ಡಿಯಲ್ಲಿ ಬೆಳಗಿನಿಂದ ತುಪ್ಪಟ ಕತ್ತರಿಸುವ ಕೆಲಸ ನಡೆದಿತ್ತು. ಎರಡು ದಿನ ಮೊದಲು ಹೊಳೆಯಲ್ಲಿ ಮೈ ತೊಳೆಸಿಕೊಂಡಿದ್ದ ಕುರಿಗಳು ಈಗ ಒಣಗಿ, ಒಂದರ ಬೆನ್ನಿನ ಮೇಲೊಂದು ಗದ್ದವಿಟ್ಟು ಸರದಿ ಕಾಯುತ್ತಿದ್ದವು. ಗೋಣಿತಾಟಿನ ಮೇಲೆ ಮೊಣಕಾಲೂರಿದ್ದ ಎಪ್ಪತ್ತೆರಡು ವರ್ಷದ ಮುದುಕ, ಕಾಲು ಕಟ್ಟಿ ಮಲಗಿಸಿದ ಕುರಿಯ ಹೊಟ್ಟೆಯಿಂದ ಬೆನ್ನಿನ ಕಡೆಗೆ ಕತ್ತರಿ ಓಡಿಸುತ್ತಿದ್ದರೆ, ತುಪ್ಪಟ ಮಡಿಕೆ ಬಿಚ್ಚಿದ ಕಂಬಳಿಯಂತೆ ಒಂದೇ ಹಾಳೆಯಾಗಿ ಹೊರಳಿ ಬೀಳುತ್ತಿತ್ತು. ಅವರ ಮಗ ಕುರಿ ಹಿಡಿದು ತರುವುದು, ಮುಗಿದ ಕುರಿಯ ಕಟ್ಟು ಬಿಚ್ಚಿ ಅಟ್ಟುವುದು, ನಡುನಡುವೆ ತಮಾಷೆ ಮಾಡುವುದು, ಈ ಮೂರು ಕೆಲಸಗಳನ್ನು ಹಚ್ಚಿಕೊಂಡಿದ್ದ. ಅವರಿಂದ ಮೂರು ಮಾರು ದೂರದಲ್ಲಿ ನಮ್ಮ ಕಾಲೇಜಿನ ಸಿನಿಮಾ ವಿಭಾಗದ ಮೂವರು ಅಂತಿಮ ವರ್ಷದ ವಿದ್ಯಾರ್ಥಿಗಳು ಹತ್ತು ನಿಮಿಷದ ಸಾಕ್ಷ್ಯಚಿತ್ರವೊಂದನ್ನು ಚಿತ್ರೀಕರಿಸುತ್ತಿದ್ದರು.

ಆ ದಿನ ಆ ದೊಡ್ಡಿಯಲ್ಲಿ ಇರದಿದ್ದ, ಆದರೆ ಅಲ್ಲಿ ನಡೆದ ತಪ್ಪನ್ನೂ ಅಲ್ಲಿ ಉಳಿದ ಸತ್ಯವನ್ನೂ ತಮ್ಮ ಕೋಣೆಯಲ್ಲಿ ಕುಳಿತೇ ಕೇಳಿಸಿಕೊಂಡ ಒಬ್ಬ ಗುರುವನ್ನು ಕುರಿತದ್ದು ಈ ಬರಹ.

ಸಿನಿಮಾ ಕಲಿಕೆಯಲ್ಲಿ ಕಣ್ಣಿಗೆ ಸಲ್ಲುವ ಮರ್ಯಾದೆ ಕಿವಿಗೆ ಸಲ್ಲುವುದಿಲ್ಲವೆಂಬುದು ಈ ಕ್ಷೇತ್ರದಲ್ಲಿರುವವರೆಲ್ಲ ಬಲ್ಲ ಮಾತು. ಹೊಸದಾಗಿ ಸೇರಿದವರೆಲ್ಲ ಕ್ಯಾಮೆರಾದ ಸುತ್ತ ಮುತ್ತಿಕೊಳ್ಳುತ್ತಾರೆ. ಶಬ್ದಗ್ರಹಣದ ತರಗತಿಗೆ ಬರುವವರು ಬೇರೆಲ್ಲೂ ಜಾಗ ಸಿಗದವರು. ಅಂಥವರಿಗಾಗಿ ಮೂವತ್ತಮೂರು ವರ್ಷ ಬಾಗಿಲು ತೆರೆದಿಟ್ಟವರು ನಮ್ಮ ವಿಭಾಗದ ಶಬ್ದದ ಅಧ್ಯಾಪಕರು, ವಿದ್ಯಾರ್ಥಿಗಳ ಬಾಯಲ್ಲಿ ‘ಮೌನದ ಮೇಷ್ಟ್ರು’. ಅವರು ಬಂದಾಗ ವಿಭಾಗಕ್ಕೆ ಕೊಟ್ಟದ್ದು ಮುರಿದ ಬೆಂಚುಗಳನ್ನು ತುಂಬಿಟ್ಟಿದ್ದ ಒಂದು ಕೋಣೆ. ಬೆಂಚುಗಳನ್ನು ತಾವೇ ಹೊರಗೆ ಹೊತ್ತು, ಗೋಡೆಗೆ ಹಳೆಯ ಕಂಬಳಿಗಳನ್ನು ತಾವೇ ಮೊಳೆ ಹೊಡೆದು ಬಿಗಿದು, ಅದನ್ನು ಶಬ್ದದ ಕೋಣೆಯಾಗಿಸಿದರು. ಅಂಗಿಯ ಜೇಬಿನಲ್ಲಿ ಪೆನ್ನಿರಬೇಕಾದಲ್ಲಿ ಅವರಿಗೆ ಯಾವಾಗಲೂ ನಾಲ್ಕು ಬ್ಯಾಟರಿಗಳು. ತಾಯಿಯ ಕಾಯಿಲೆಯಿಂದ ಒಂದು ಅರ್ಧ ವರ್ಷ ತರಗತಿಗೆ ಬರಲಾಗದ ವಿದ್ಯಾರ್ಥಿಗೆ ವಾರಕ್ಕೊಂದು ಕ್ಯಾಸೆಟ್‌ನಂತೆ ಪಾಠಗಳನ್ನು ಧ್ವನಿಮುದ್ರಿಸಿ ಅಂಚೆಗೆ ಹಾಕಿದವರು ಅವರು. ಆ ಕ್ಯಾಸೆಟ್‌ಗಳ ಹಿನ್ನೆಲೆಯಲ್ಲಿ ಮೇಷ್ಟ್ರ ಮನೆಯ ಹೊಲಿಗೆ ಯಂತ್ರ ಓಡುವುದೂ, “ಆಯ್ತೇನ್ರೀ ನಿಮ್ಮ ಭಾಷಣ?” ಎಂದು ಅವರ ಮನೆಯವರು ಕೇಳುವುದೂ ದಾಖಲಾಗಿದ್ದವು.

ಅವರ ಪಾಠದಲ್ಲಿ ಕಟ್ಟುನಿಟ್ಟುಗಳು ಎರಡೇ. ಮೊದಲನೆಯದು, ಚಿತ್ರೀಕರಣ ಶುರುವಾಗುವ ಮುನ್ನ ಶಬ್ದದವರು ಯಂತ್ರದ ಮೇಲೆ ಓಡುತ್ತಿರುವ ಅಂಕಿಯನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಬೇಕು: “ಒಂದು, ಎರಡು, ಮೂರು, ಓಡ್ತಿದೆ.” ಎರಡನೆಯದು, ಕೆಲಸ ಮುಗಿದ ಮೇಲೆ ಆ ಜಾಗದಲ್ಲಿ ಯಾರೂ ಮಾತನಾಡದೆ, ಅಲುಗದೆ ನಿಂತು, ಆ ಜಾಗದ ಬರಿ ಮೌನವನ್ನು ಒಂದು ನಿಮಿಷ ಮುದ್ರಿಸಿಕೊಳ್ಳಬೇಕು. ಅವರ ಅಡ್ಡಹೆಸರು ಹುಟ್ಟಿದ್ದು ಈ ಎರಡನೆಯದರಿಂದ. “ಯಾವ ಜಾಗದ ಮೌನವೂ ಇನ್ನೊಂದು ಜಾಗದ್ದಲ್ಲ ಕಣ್ರಯ್ಯಾ” ಎಂದು ಅವರು ಹೇಳುವಾಗ ಹಿಂದಿನ ಬೆಂಚಿನಲ್ಲಿ ನಗು ಏಳುತ್ತಿತ್ತು. ನಕ್ಕವರೆಲ್ಲ ಒಂದಲ್ಲ ಒಂದು ದಿನ ಆ ನಿಮಿಷಕ್ಕಾಗಿ ಪರದಾಡಿದವರೇ.

ಈಗ ದೊಡ್ಡಿಗೆ ಹಿಂದಿರುಗೋಣ. ಅಲ್ಲಿ ನಡೆದದ್ದು ಹನ್ನೆರಡು ವರ್ಷಗಳ ಹಿಂದೆ. ಶಬ್ದದ ಯಂತ್ರ ಹೆಗಲಿಗೆ ಹಾಕಿಕೊಂಡಿದ್ದ ವಿದ್ಯಾರ್ಥಿನಿ ಬೇರಾರೂ ಅಲ್ಲ, ಆ ಮುದುಕನ ಮಗಳ ಮಗಳು. ಹಿಂದಿನ ವರ್ಷ ಶಬ್ದದ ಪರೀಕ್ಷೆಯಲ್ಲಿ ಒಮ್ಮೆ ಬಿದ್ದಿದ್ದಳು. ಈ ಸಿನಿಮಾದಲ್ಲಿ ತೇರ್ಗಡೆಯಾಗದಿದ್ದರೆ ಕಾಲೇಜು ಆಕೆಗೆ ಮುಗಿದಂತೆಯೇ. ಮುದುಕ ಕೈಕತ್ತರಿ ಹಿಡಿಯುವುದೂ ಅದೇ ಕೊನೆಯ ಸಲವಾಗಿತ್ತು. ಮಣಿಕಟ್ಟು ಊದಿಕೊಳ್ಳುತ್ತಿತ್ತು, ಮುಂದಿನ ವರ್ಷದ ಕೆಲಸಕ್ಕೆ ಮಗ ಆಗಲೇ ವಿದ್ಯುತ್ ಯಂತ್ರ ತಂದು ಜಗುಲಿಯ ಮೇಲೆ ಇಟ್ಟಿದ್ದ. ಕತ್ತರಿ ಆಡಿಸುತ್ತ ಮುದುಕ ಕುರಿಯ ಕಿವಿಗೆ ಮಾತ್ರ ಕೇಳುವಂತೆ ಒಂದೇ ಸಮನೆ ಗುನುಗುತ್ತಿದ್ದ ಮಾತುಗಳಿದ್ದವಲ್ಲ, ಕುರಿ ಮಿಸುಕದೆ ಮಲಗುತ್ತಿದ್ದದ್ದು ಆ ಮಾತಿಗೆ. ಸಿನಿಮಾದ ಜೀವವೇ ಆ ಗುನುಗು, ಆ ಕತ್ತರಿ ಎಂದು ಮೂವರೂ ಒಪ್ಪಿಕೊಂಡು ಬಂದಿದ್ದರು.

ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು ನಿಂತ ಸೋದರಸೊಸೆಯನ್ನು ಕಂಡು ಮುದುಕನ ಮಗ, ಅವಳ ಸೋದರಮಾವ, ಸುಮ್ಮನಿರಲಿಲ್ಲ.

“ಏನೇ ಇದು, ಕಿವಿಗೆರಡು ಬಟ್ಟಲು ಕವುಚಿಕೊಂಡಿದೀಯ? ಅಪ್ಪಾ, ನೋಡು ನಿನ್ನ ಮೊಮ್ಮಗಳು ಕಿವಿಯಮ್ಮ ಆಗಿಬಿಟ್ಟಳು!”

ದೊಡ್ಡಿಯೆಲ್ಲ ನಕ್ಕಿತು. ಯಂತ್ರ ಓಡಿಸುವ ಮುನ್ನ ದನಿ ಸರಿಮಾಡಿಕೊಳ್ಳಲು ಅವಳು “ಒಂದು, ಎರಡು, ಮೂರು” ಎಂದು ಹೇಳಿ ನೋಡಿದ್ದೇ ತಡ, ಮಾವ ಕುರಿಯನ್ನು ತಬ್ಬಿ ಹಿಡಿದು, “ನಾಲ್ಕು, ಐದು! ನೀನೂ ಹೇಳಮ್ಮಾ, ಮಗ್ಗಿ ಪಾಠ ನಡೀತಿದೆ” ಎಂದು ಕುರಿಗೆ ಹೇಳಿಕೊಟ್ಟ. ಬೇರೆ ಊರಿನಲ್ಲಿ, ಬೇರೆಯವರ ಅಂಗಳದಲ್ಲಾಗಿದ್ದರೆ ಅವಳು ಓಡುವ ಅಂಕಿಯನ್ನೂ ಓದಿಬಿಡುತ್ತಿದ್ದಳು. ನೆಲ ತೆವಳುವ ಕಾಲದಿಂದ ತನ್ನನ್ನು ಎತ್ತಿ ಆಡಿಸಿದವರೆದುರು ಮುಖ ಕೆಂಪಗಾಯಿತು, ಬಾಯಿ ಮುಚ್ಚಿಕೊಂಡಳು.

ಆ ಯಂತ್ರದ ಗುಂಡಿಯನ್ನು ಒಮ್ಮೆ ಒತ್ತಿದರೆ ಅದು ಸಿದ್ಧವಾಗಿ ಕಾಯುತ್ತಿತ್ತು: ಶಬ್ದ ಕಿವಿಗೆ ಕೇಳುತ್ತದೆ, ಶಬ್ದದ ಮಟ್ಟ ತೋರಿಸುವ ಮುಳ್ಳು ಕುಣಿಯುತ್ತದೆ, ಆದರೆ ಏನೂ ದಾಖಲಾಗುವುದಿಲ್ಲ. ಎರಡನೆಯ ಸಲ ಒತ್ತಿದರೆ ದಾಖಲಾಗತೊಡಗುತ್ತದೆ. ಮೂರನೆಯ ಸಲಕ್ಕೆ ಮತ್ತೆ ನಿಂತು ಕಾಯುತ್ತದೆ. ಬೆಳಿಗ್ಗೆ ಬಂದೊಡನೆ ಶಬ್ದದ ಮಟ್ಟ ನೋಡಲೆಂದು ಅವಳು ಒಮ್ಮೆ ಒತ್ತಿದ್ದಳು. ನಗುವಿನ ನಡುವೆ ಅದನ್ನು ಮರೆತು, ಅಭ್ಯಾಸದಂತೆ ಟಕಟಕ ಎರಡು ಸಲ ಒತ್ತಿದಳು. ಏನೂ ದಾಖಲಾಗುತ್ತಿಲ್ಲವೆಂದು ಕೆಂಪು ದೀಪ ಮಿಣುಕುತ್ತಿರುವುದು ಬಿಸಿಲಿನಲ್ಲಿ ಕಾಣಲಿಲ್ಲ. ತಾತನ ಗುನುಗು ಕಿವಿಯಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು, ಮುಳ್ಳು ಕುಣಿಯುತ್ತಿತ್ತು. ನಡುವೆ ನಿಲ್ಲಿಸುವುದೇ ಬೇಡವೆಂದು ಹನ್ನೊಂದು ಕುರಿಗಳು ಮುಗಿಯುವವರೆಗೆ ಹಾಗೆಯೇ ನಿಂತಳು. ಗಾಳಿಗೆ ಗೊರಗೊರ ಎನ್ನುತ್ತದೆಂದು ಕ್ಯಾಮೆರಾದ ಮೈಕನ್ನು ಮೂವರಲ್ಲಿ ನಿರ್ದೇಶಕನಾಗಿದ್ದ ಹುಡುಗ ಮೊದಲೇ ಬಂದ್ ಮಾಡಿಸಿದ್ದ.

ಕೊನೆಯ ಕುರಿ ಮುಗಿಯುತ್ತಲೇ ನಿರ್ದೇಶಕ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದ. ಮಾವ ಕುರಿಗಳನ್ನು ನೀರಿಗೆ ಹೊಡೆದುಕೊಂಡು ಹೋಗಿದ್ದ, ನಗುವವರು ಇರಲಿಲ್ಲ. ಅವಳು ಯಂತ್ರವನ್ನು ಪೂರ್ತಿ ನಿಲ್ಲಿಸಿ, ಹೊಸದಾಗಿ ಶುರುಮಾಡಿ, ಈ ಸಲ ಅಂಕಿಯನ್ನು ಓದಿ, ಮೇಷ್ಟ್ರ ಒಂದು ನಿಮಿಷವನ್ನು ತೆಗೆದುಕೊಂಡಳು. ಆದರೆ ಕೊನೆಯ ಕುರಿಯ ಕಾಲುಕಟ್ಟು ಬಿಚ್ಚುವುದನ್ನೇ ಯಾರೂ ನೆನೆಯಲಿಲ್ಲ. ಅದು ಕಾಲು ಝಾಡಿಸಿತು. ತಾತ ಅದರ ಕತ್ತು ಸವರುತ್ತ ಏನೋ ಗುನುಗಿದರು. ನಿಮಿಷ ಕೆಟ್ಟಿತು.

“ತಾತ, ಒಂದ್ನಿಮಿಷ ಸುಮ್ನಿರೋಕಾಗಲ್ವಾ?”

“ನಾನು ಸುಮ್ನಿರಬಹುದಮ್ಮಾ, ಅದು ಇರಬೇಕಲ್ಲ.”

ಮರುದಿನ ಕಾಲೇಜಿನ ಸಂಕಲನ ಕೋಣೆಯಲ್ಲಿ ಶಬ್ದಯಂತ್ರದ ಮೆಮೊರಿ ಕಾರ್ಡು ತೆರೆದಾಗ ಅದರಲ್ಲಿ ಇದ್ದದ್ದು ಎರಡೇ ಕಡತಗಳು. ಒಂದು ಆ ಕೆಟ್ಟ ನಿಮಿಷ. ಇನ್ನೊಂದು, ಟಕಟಕದ ನಡುವೆ ಸಿಕ್ಕಿದ ಅರ್ಧ ಸೆಕೆಂಡು. ಅದರಲ್ಲಿ ಕೇಳಿದ್ದು ಅವಳದೇ ಉಸಿರು. ಮೂರು ಸಲ ತೆಗೆದು ಮೂರು ಸಲ ಹಾಕಿದಳು. ಕಾರ್ಡು ಹೇಳಿದ್ದನ್ನೇ ಹೇಳಿತು.

ಅಷ್ಟರಲ್ಲಿ ಬಾಗಿಲಲ್ಲಿ ನಿರ್ದೇಶಕ. “ಹೇಗೆ ಬಂದಿದೆಯೇ?”

“ಚೆನ್ನಾಗಿದೆ” ಅಂದಳು. ಬಾಯಿ ತಾನಾಗಿ ಅಂದುಬಿಟ್ಟಿತು. “ಸ್ವಲ್ಪ ಗಾಳಿ ಇದೆ. ಶುಚಿ ಮಾಡಿ ಕೊಡ್ತೀನಿ.”

ಸಲ್ಲಿಕೆಗೆ ಹನ್ನೆರಡು ದಿನ. ಕುರಿಗಳ ಮೈಮೇಲೆ ತುಪ್ಪಟ ಮತ್ತೆ ಬೆಳೆಯಲು ವರ್ಷ. ಅವಳು ವಸತಿಗೃಹದ ಎದುರಿನ ದರ್ಜಿಯಿಂದ ದೊಡ್ಡ ಕತ್ತರಿ ಕೇಳಿ ತಂದಳು. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಹಳೆಯ ಕಂಬಳಿಯ ಅಂಚನ್ನು ಮೂರು ದಿನ ಕತ್ತರಿಸಿದಳು. ತಾತನ ಗುನುಗನ್ನು ನೆನಪಿನಿಂದ ತಾನೇ ಗುನುಗಿ, ಯಂತ್ರದಲ್ಲಿ ದನಿಯನ್ನು ತಗ್ಗಿಸಿ ಗಂಡುದನಿ ಮಾಡಿದಳು. ಚಿತ್ರಕ್ಕೆ ಕೂಡಿಸಿದಾಗ ನಿರ್ದೇಶಕ ಕುರ್ಚಿಯಿಂದೆದ್ದ. “ಅಬ್ಬಾ, ಪಕ್ಕದಲ್ಲೇ ಕೂತ ಹಾಗಿದೆ ಕಣೇ! ನಿನ್ನನ್ನ ಫೇಲ್ ಮಾಡಿದವರಿಗೆ ಕಿವಿ ಇರಲಿಲ್ಲ!” ಆ ಹೊಗಳಿಕೆ ಕೇಳಿದ ಮೇಲೆ ಅವಳು ಎರಡು ದಿನ ಸಂಕಲನ ಕೋಣೆಯ ಕಡೆ ಸುಳಿಯಲಿಲ್ಲ. ಸಾಲದ್ದಕ್ಕೆ ಮಾವ ಫೋನು ಮಾಡಿ, ಸಿನಿಮಾ ನೋಡಲು ತಾತ ಹೊಸ ಅಂಗಿ ಹೊಲಿಸುತ್ತಿದ್ದಾರೆಂದು ತಿಳಿಸಿದ.

ಸಲ್ಲಿಕೆಗೆ ಮುನ್ನ ಪ್ರತಿಯೊಂದು ಸಿನಿಮಾವನ್ನೂ ಮೇಷ್ಟ್ರು ಪರದೆ ಆರಿಸಿ, ಕಣ್ಣು ಮುಚ್ಚಿ, ಬರಿ ಕಿವಿಯಿಂದ ಒಮ್ಮೆ ಕೇಳುವುದು ವಿಭಾಗದ ಪದ್ಧತಿ. ಸಲ್ಲಿಕೆಗೆ ಐದು ದಿನ ಇರುವಾಗ ಇವರ ಸರದಿ ಬಂತು. ಕಂಬಳಿ ಗೋಡೆಗಳ ಆ ಕೋಣೆಯಲ್ಲಿ ಮೇಷ್ಟ್ರು, ಅವಳು, ಇಬ್ಬರೇ. ಹತ್ತು ನಿಮಿಷ ಅವರ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಮುಗಿದ ಮೇಲೆ, “ಮೊದಲನೇ ನಿಮಿಷ ಇನ್ನೊಂದು ಸಲ ಹಾಕು” ಅಂದರು. ಹಾಕಿದಳು. “ಇನ್ನೊಂದು ಸಲ.” ಮತ್ತೆ ಹಾಕಿದಳು.

“ನಿಮ್ಮ ತಾತನ ಕತ್ತರಿಗೆ ನಡುವೆ ಮೊಳೆ ಇದೆಯೇನಮ್ಮಾ?”

ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ.

“ನಮ್ಮಪ್ಪ ಕಮ್ಮಾರ” ಎಂದರು ಮೇಷ್ಟ್ರು, ಕಣ್ಣು ತೆರೆಯದೆಯೇ. “ಕುರಿ ಕತ್ತರಿಗೆ ನಡುವೆ ಮೊಳೆ ಹಾಕಲ್ಲ. ಹಿಂದುಗಡೆ ಬಿಲ್ಲಿನ ಹಾಗೆ ಪಟ್ಟಿ ಬಾಗಿಸ್ತಾರೆ. ಹಿಡಿದರೆ ಮುಚ್ಚುತ್ತೆ, ಸಡಿಲ ಬಿಟ್ಟರೆ ತಾನಾಗೇ ಬಿಚ್ಚಿಕೊಳ್ಳುತ್ತೆ. ಮುಚ್ಚೋವಾಗ ಒಂದು ಸದ್ದು, ಬಿಚ್ಚೋವಾಗ ಒಂದು ಉಸಿರು. ಇದರಲ್ಲಿ ಉಸಿರಿಲ್ಲ. ಇದು ಬಟ್ಟೆ ಕತ್ತರಿ.”

ಹೊರಗೆ ಯಾರೋ ಸೈಕಲ್ ನಿಲ್ಲಿಸಿದರು. ಕಂಬಳಿಗಳ ಮೂಲಕ ಆ ಸದ್ದು ದೂರದಿಂದೆಂಬಂತೆ ಕೇಳಿತು. ಅವಳು ಎಲ್ಲವನ್ನೂ ಹೇಳಿದಳು: ಮಾವನ ನಗು, ಟಕಟಕ, ಅರ್ಧ ಸೆಕೆಂಡು, ಬಚ್ಚಲುಮನೆ, ತಾತನ ಹೊಸ ಅಂಗಿ. ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸುಲಭವಿತ್ತೆಂದು ಆಕೆ ಇಂದಿಗೂ ಹೇಳುತ್ತಾರೆ.

“ಪರೀಕ್ಷಕರಿಗೆ ಇದು ಗೊತ್ತಾಗಲ್ಲ. ನಾನೂ ಹೇಳಲ್ಲ. ಹೇಳಬೇಕಾದವನು ನಾನಲ್ಲ” ಎಂದರು. ಆಮೇಲೆ ಕಣ್ಣು ತೆರೆದು, “ತಾತ ಬರ್ತಾರೆ ಅಂದ್ಯಲ್ಲ. ಅವರ ಬಾಯಲ್ಲಿ ನಿನ್ನ ದನಿ ಕೇಳಿದರೆ ಅವರಿಗೆ ಗೊತ್ತಾಗದೆ ಇರುತ್ತಾ?”

ಆ ಸಂಜೆಯೇ ಅವಳು ಜೊತೆಗಾರರಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು. ನಿರ್ದೇಶಕ ಮೊದಲು ತಮಾಷೆಯೆಂದುಕೊಂಡ. ಆಮೇಲೆ ಅವನ ದನಿ ಏರಿತು. “ಅಷ್ಟು ದಿನದಿಂದ ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳಿದೀಯಲ್ಲೇ! ನಾನು ಊರಿಗೆಲ್ಲ ಕರೆದು ಕೇಳಿಸಿದೆ. ನಿನಗೇನು, ಪಾಸಾದ್ರೆ ಸಾಕು. ಮೇಲುಗಡೆ ಬರೋದು ನನ್ನ ಹೆಸರು!” ಕ್ಯಾಮೆರಾ ಹಿಡಿದಿದ್ದ ಗೆಳತಿ ನೆಲ ನೋಡುತ್ತ ಹೇಳಿದಳು: “ಅಂಕಿ ಓದು ಅಂತ ನಾನೂ ಕೇಳಲಿಲ್ಲ, ನೀನೂ ಕೇಳಲಿಲ್ಲ. ನಾವೂ ನಗ್ತಾ ಇದ್ವಿ.” ನಿರ್ದೇಶಕ ಬಾಗಿಲನ್ನು ಧಡಾರೆಂದು ಎಳೆದುಕೊಂಡು ಹೋದ. ಅರ್ಧ ಗಂಟೆ ಕಳೆದು ಹಿಂದಿರುಗಿ ಬಂದು, ಕುರ್ಚಿ ಎಳೆದು ಕೂತು, “ಈಗೇನು ಮಾಡೋದು ಹೇಳು” ಅಂದ.

ಮರುದಿನ ಮೂವರೂ ಮೇಷ್ಟ್ರ ಎದುರು ನಿಂತರು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಜಾಗದ ನಿಮಿಷ ತಗೊಂಡಿದ್ರಾ?”

“ತಗೊಂಡೆ ಸರ್. ಕೆಟ್ಟುಹೋಗಿದೆ. ತಾತ ಮಧ್ಯೆ ಮಾತಾಡಿಬಿಟ್ರು.”

ಮೇಷ್ಟ್ರು ತಲೆಯೆತ್ತಿ ಅವಳನ್ನು ನೋಡಿದರು. “ಹಾಕು.”

ಮೊದಲು ದೊಡ್ಡಿಯ ಗಾಳಿ. ದೂರದಲ್ಲೊಂದು ಮರಿಯ ಕೂಗು. ಗೊರಸು ನೆಲಕ್ಕೆ ಉಜ್ಜಿದ ಸದ್ದು. ಆಮೇಲೆ, ಮೈಕಿನ ಮಗ್ಗುಲಲ್ಲೇ ಎಂಬಷ್ಟು ಹತ್ತಿರದಿಂದ, ಮುದುಕನ ಗುನುಗು: “ಹೋ ಹೋ ನನ್ನವ್ವಾ, ಆಯ್ತು ಆಯ್ತು, ಆ ಪಕ್ಕ ಆಯ್ತು ಈ ಪಕ್ಕ ಆಯ್ತು, ಹಗುರಾದೆ ತಾಯಿ ಹಗುರಾದೆ, ಇನ್ನು ಗಾಳಿ ನಿನ್ನದೇ, ಹೋ ಹೋ...” ಇಪ್ಪತ್ತನಾಲ್ಕು ಸೆಕೆಂಡು. ನಂತರ ಮೊಮ್ಮಗಳ ಸಿಡುಕು.

ನಿರ್ದೇಶಕ ಕಣ್ಣೊರೆಸಿಕೊಂಡದ್ದನ್ನು ಮೇಷ್ಟ್ರು ನೋಡದವರಂತೆ ಇದ್ದರು.

ಉಳಿದ ನಾಲ್ಕು ದಿನ ಆ ಕೋಣೆಯ ಬಾಗಿಲು ತೆರೆದೇ ಇತ್ತು. ಹೀಗೆ ಮಾಡಿ ಎಂದು ಮೇಷ್ಟ್ರು ಒಮ್ಮೆಯೂ ಹೇಳಲಿಲ್ಲ. ಹಾಗೆ ಮಾಡಿದರೆ ಹೇಗೆ ಕೇಳುತ್ತದೆ ಎಂದು ಕೇಳುತ್ತ ಹೋದರು. ಬಟ್ಟೆ ಕತ್ತರಿಯೂ ಹುಡುಗಿಯ ಗಂಡುದನಿಯೂ ಹೊರಬಿದ್ದವು. ಸಿನಿಮಾದ ಮೊದಲಿಗೆ ಬಿಳಿ ಅಕ್ಷರದ ಒಂದು ಸಾಲು ಬಂತು: “ಶಬ್ದಗ್ರಾಹಕಿಯ ತಪ್ಪಿನಿಂದ ಈ ಚಿತ್ರದ ಕತ್ತರಿಯ ಸದ್ದು ದಾಖಲಾಗಿಲ್ಲ.” ನಂತರ ಒಂಬತ್ತು ನಿಮಿಷ, ಆ ಒಂದು ನಿಮಿಷದಿಂದಲೇ ತೆಗೆದು ಮತ್ತೆ ಮತ್ತೆ ಜೋಡಿಸಿದ ದೊಡ್ಡಿಯ ಗಾಳಿ ಮಾತ್ರ. ಕೊನೆಯ ಕುರಿಗೆ ಆ ಗುನುಗು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಇಬ್ಬರು ಪರೀಕ್ಷಕರು ಮುಂದಿನ ಸಾಲಿನಲ್ಲಿ, ಎರಡನೆಯ ಸಾಲಿನಲ್ಲಿ ಹೊಸ ಅಂಗಿಯ ತಾತ, ಪಕ್ಕದಲ್ಲಿ ಮಾವ. ಅವಳು ಗೋಡೆಗೊರಗಿ ನಿಂತಿದ್ದಳು. ಕತ್ತರಿ ಆಡುತ್ತಿತ್ತು, ಸದ್ದಿರಲಿಲ್ಲ. ಮೂರನೆಯ ನಿಮಿಷಕ್ಕೆ ಒಬ್ಬ ಪರೀಕ್ಷಕರು ಹಿಂದೆ ತಿರುಗಿ ಪ್ರೊಜೆಕ್ಟರ್ ಕಿಂಡಿಯತ್ತ ನೋಡಿದರು. ಐದನೆಯ ನಿಮಿಷಕ್ಕೆ ಇನ್ನೊಬ್ಬರು ಕಾಗದದ ಮೇಲೆ ಏನೋ ಬರೆದರು. ಏಳನೆಯ ನಿಮಿಷಕ್ಕೆ ಯಾರೋ ಕೆಮ್ಮಿ, ಕೆಮ್ಮಿದ್ದಕ್ಕೆ ತಾವೇ ನಾಚಿದರು. ಅಷ್ಟು ನಿಶ್ಶಬ್ದವಾಗಿತ್ತು ಸಭಾಂಗಣ. ಗುನುಗು ಕೇಳಿದಾಗ ಮುದುಕ ಕುರ್ಚಿಯ ತುದಿಗೆ ಸರಿದು ಕೂತರು. ಅವರ ತುಟಿ ಪರದೆಯ ಜೊತೆಗೇ ಅಲುಗುತ್ತಿತ್ತು.

ಹೊರಗೆ ಬಂದು ತಾತ ಕೇಳಿದ್ದು ಒಂದೇ: “ನನ್ನ ಕತ್ತರಿ ಸದ್ದು ಎಲ್ಲಿ ಹೋಯ್ತೇ?”

“ನಾನು ಗುಂಡಿ ಒತ್ತೋದ್ರಲ್ಲಿ ತಪ್ಪಿದೆ ತಾತ.”

“ಹೋಗ್ಲಿ ಬಿಡು. ನಾನು ಮೊದಲನೇ ವರ್ಷ ಎರಡು ಕುರಿ ಕಿವಿ ಕುಯ್ದಿದ್ದೆ. ನೀನು ಯಾರ ಕಿವಿನೂ ಕುಯ್ದಿಲ್ಲವಲ್ಲ.”

ಮಾವ ಮಾತ್ರ ಆ ದಿನ ತಮಾಷೆ ಮಾಡಲಿಲ್ಲ. ಬಸ್ಸು ಹತ್ತುವಾಗ, “ಅವತ್ತು ನಾನು ನಗಬಾರದಿತ್ತು” ಅಂದ, ಕಿಟಕಿಯ ಕಡೆ ಮುಖ ಮಾಡಿ.

ಅಂಕಪಟ್ಟಿ ಬಂದಾಗ ಚಿತ್ರಕಥೆಗೆ, ಛಾಯಾಗ್ರಹಣಕ್ಕೆ ಹೊರಗಿನ ಪರೀಕ್ಷಕರು ಧಾರಾಳವಾಗಿಯೇ ಕೊಟ್ಟಿದ್ದರು. ಶಬ್ದಕ್ಕೆ ಅಂಕ ಕೊಡಬೇಕಾದವರು ಮೌನದ ಮೇಷ್ಟ್ರು. ಅವರು ಕೊಟ್ಟದ್ದು ತೇರ್ಗಡೆಗೆ ಎಷ್ಟು ಬೇಕೋ ಅಷ್ಟು, ಒಂದೂ ಹೆಚ್ಚಿಲ್ಲ. ಅವಳು ಕೋಣೆಗೆ ಹೋಗಿ ನಿಂತಾಗ ಅವರು ಯಾವುದೋ ತಂತಿಗೆ ಬೆಸುಗೆ ಹಾಕುತ್ತಿದ್ದರು. “ಆ ಒಂದು ನಿಮಿಷಕ್ಕೆ ಪಾಸು ಮಾಡಿದೀನಿ. ಕತ್ತರಿ ಸದ್ದು ನನಗೆ ಬಾಕಿ. ಯಾವಾಗಾದರೂ ತಂದುಕೊಡು” ಎಂದರು, ತಲೆಯೆತ್ತದೆ.

ಪ್ರತಿ ಸಿನಿಮಾದ ಜೊತೆಗೂ ‘ಈ ಕೆಲಸದಿಂದ ಕಲಿತದ್ದು’ ಎಂಬ ಪುಟವೊಂದನ್ನು ವಿದ್ಯಾರ್ಥಿಗಳು ಬರೆದುಕೊಡಬೇಕು. ಎಲ್ಲರೂ ನಾಲ್ಕೈದು ಪುಟ ತುಂಬಿಸುತ್ತಾರೆ. ವಿಭಾಗದ ಕಪಾಟಿನಲ್ಲಿರುವ ಆಕೆಯ ಪುಟದಲ್ಲಿ ಇರುವುದು ಇಷ್ಟೇ: “ಯಂತ್ರ ನಡೆಸುವುದನ್ನು ಕಲಿತೆ. ಅದು ನಡೆಯುತ್ತಿದೆಯೇ ಎಂದು ನೋಡುವುದನ್ನು ಆಮೇಲೆ ಕಲಿತೆ. ತಪ್ಪಿದ್ದನ್ನು ಮೊದಲನೇ ದಿನವೇ ಹೇಳಿದರೆ ಹನ್ನೆರಡು ದಿನ ಉಳಿಯುತ್ತವೆ, ತಡ ಮಾಡಿದರೆ ನಾಲ್ಕೇ. ನಮ್ಮವರೆದುರು ಗಟ್ಟಿಯಾಗಿ ಅಂಕಿ ಓದುವುದನ್ನು ಇನ್ನೂ ಕಲಿಯಬೇಕು.”

ಅದನ್ನೂ ಆಕೆ ಕಲಿತರು. ಇಂದು ಹಲವು ಸಾಕ್ಷ್ಯಚಿತ್ರಗಳ ಶಬ್ದದ ಹೊಣೆ ಹೊತ್ತಿರುವ ಆಕೆ, ಎಂಥ ದೊಡ್ಡವರ ಎದುರಿಗೂ “ಒಂದು, ಎರಡು, ಮೂರು, ಓಡ್ತಿದೆ” ಎಂದು ಓದದೆ ಕೆಲಸ ಶುರುಮಾಡುವುದಿಲ್ಲ. ಹೊಸಬರು ಮುಸಿಮುಸಿ ನಗುತ್ತಾರೆ. ನಗಲಿ ಎಂದು ಬಿಡುತ್ತಾರೆ. ಆದರೆ ಮೇಷ್ಟ್ರ ಬಾಕಿ ಹಾಗೆಯೇ ಉಳಿಯಿತು. ಮರುವರ್ಷದಿಂದ ದೊಡ್ಡಿಯಲ್ಲಿ ವಿದ್ಯುತ್ ಯಂತ್ರ ಗುಂಯ್‌ಗುಟ್ಟಿತು. ತಾತನ ಕತ್ತರಿ ಗೂಟಕ್ಕೇರಿತು.

ಮೂವತ್ತಮೂರು ವರ್ಷಗಳಲ್ಲಿ ಇಂಥ ಬಾಕಿಗಳನ್ನು ಮೇಷ್ಟ್ರು ಅದೆಷ್ಟು ಜನರ ತಲೆಯ ಮೇಲೆ ಹೊರಿಸಿದ್ದಾರೋ ಲೆಕ್ಕವಿಲ್ಲ. ಒಬ್ಬನಿಂದ ಕೋಡಿ ಬಿದ್ದ ಕೆರೆಯ ಸದ್ದು ಬರಬೇಕು, ಇನ್ನೊಬ್ಬಳಿಂದ ಖಾಲಿ ಶಾಲೆಯ ಗಂಟೆ. ಈ ತಿಂಗಳ ಕೊನೆಗೆ ಅವರು ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ವಸೂಲಿಗೆ ಅವರಿಗೆ ಈಗ ಬಿಡುವಿದೆ. ಎಲ್ಲ ಬಾಕಿಯೂ ಮನೆ ಬಾಗಿಲಿಗೆ ಬಂದು ತೀರುವವರೆಗೆ, ತೀರಿದ ಮೇಲೆ ಹೊಸ ಬಾಕಿಗಳನ್ನು ಹೊರಿಸುವವರೆಗೆ, ಅವರ ಆಯುಸ್ಸು ದೀರ್ಘವಾಗಲಿ, ಆ ಕಿವಿ ಎಂದಿನಂತೆ ಚುರುಕಾಗಿರಲಿ ಎಂಬುದು ಅವರೊಡನೆ ಕೆಲಸ ಮಾಡಿದ, ಅವರಿಂದ ಕಲಿತ ನಮ್ಮೆಲ್ಲರ ಹಾರೈಕೆ.

ಕಳೆದ ವಾರ ಆಕೆ, ಮಾವನ ಆ ಕಿವಿಯಮ್ಮ, ಕಂಬಳಿ ಗೋಡೆಗಳ ಆ ಕೋಣೆಗೆ ಬಂದಿದ್ದರು. ಎಂಬತ್ತನಾಲ್ಕರ ತಾತ ಗೋಡೆಗೊರಗಿ ಕೂತು ಹೇಳಿಕೊಟ್ಟು, ಮಾವನ ಕೈಗೆ ಕೈಕತ್ತರಿ ಹಿಡಿಸಿದ್ದಾರಂತೆ. ಮಾವನ ಕೈ ಇನ್ನೂ ಒರಟು, ಗುನುಗಲು ನಾಚಿಕೆ. ಆದರೂ ಈ ಸಲ ನಾಲ್ಕು ಕುರಿಗಳನ್ನು ಯಂತ್ರಕ್ಕೆ ಕೊಡದೆ ಬೇರೆ ಕಟ್ಟಿದ್ದಾನಂತೆ. ಮುಂದಿನ ತಿಂಗಳು ಕುರಿ ತೊಳೆಯುತ್ತಾರೆ.

“ಪ್ರತಿ ವರ್ಷ ಈ ಹೊತ್ತಿಗೆ ನಿಮಗೆ ಪರೀಕ್ಷೆ ಕೆಲಸ ಅಡ್ಡ ಬರ್ತಿತ್ತು ಸರ್. ಈ ಸಲ ನೀವೇ ಬನ್ನಿ.”

ಮೇಷ್ಟ್ರು ಜೇಬಿನ ಬ್ಯಾಟರಿಗಳನ್ನು ಮುಟ್ಟಿ ನೋಡಿಕೊಂಡರು.

“ಬರ್ತೀನಿ. ಮೈಕು ನಾನು ಹಿಡೀತೀನಿ. ಅಂಕಿ ನೀನು ಓದು. ನಿಮ್ಮ ಮಾವನಿಗೆ ಕೇಳೋ ಹಾಗೆ ಓದು.”